ಹಗೇವೋ, ಒಲೆಯೋ?

ಮೂವತ್ತಾರು ವರ್ಷ ಹುಡುಗರಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ನಿವೃತ್ತನಾದ ಒಬ್ಬ ಮಾಸ್ತರನು ಗಣಕಯಂತ್ರದ ಹೊಟ್ಟೆಯೊಳಗಿನ ಗಾಳಿಯನ್ನು ಕುರಿತು ಬರೆಯಲಿಕ್ಕೆ ಹೊರಟದ್ದನ್ನು ಕಂಡು ತಮಗೆ ನಗೆ ಬರಬಹುದು. ಬರಲಿ, ನನ್ನ ಮನೆಯಲ್ಲಿ ಎಲ್ಲರೂ ನಕ್ಕು ಆಗಿದೆ. ಆದರೆ ಈ ಹೊತ್ತು ನಮ್ಮ ಅಗಡಿಯಂಥ ಹಳ್ಳಿಯಲ್ಲಿಯೂ ಈ ಪೆಟ್ಟಿಗೆಗಳು ಬಂದು ಕುಳಿತಿವೆ. ಮಕ್ಕಳ ಓದು, ಅಂಗಡಿಯ ಲೆಕ್ಕ, ಹೊಲದ ಕಾಗದಪತ್ರಗಳ ನಕಲು, ಸತ್ತವರ ಭಾವಚಿತ್ರ, ಎಲ್ಲವೂ ಅವುಗಳಲ್ಲಿಯೇ ಇರುತ್ತವೆ. ಅಂಥದೊಂದು ಪೆಟ್ಟಿಗೆಯನ್ನು ನಾನು ಕೇವಲ ಪ್ರೀತಿಯಿಂದಲೇ ಉಸಿರುಗಟ್ಟಿಸಿದೆನು. ಅದರಿಂದಾದ ಹಾನಿಯು ದುಡ್ಡಿನದಾಗಿದ್ದರೆ ನಾನು ಈ ಲೇಖನವನ್ನು ಬರೆಯುತ್ತಿರಲಿಲ್ಲ.

ನನಗೆ ಅಮರಕೋಶವನ್ನು ಹೇಳಿಕೊಟ್ಟ ಗುರುಗಳು ತಮ್ಮ ಪಾಠದ ಟಿಪ್ಪಣಿಗಳನ್ನು ಏಳು ನೋಟುಬುಕ್ಕುಗಳಲ್ಲಿ ಬರೆದಿಟ್ಟು ತೀರಿಕೊಂಡರು. ಅವರು ಒಂದೊಂದು ಸಂಸ್ಕೃತ ಪದಕ್ಕೂ ನಮ್ಮ ಊರ ಆಡುಮಾತಿನ ಪದವನ್ನು, ನಮ್ಮ ಓಣಿಯಲ್ಲಿಯೇ ಕಾಣುವ ಒಂದು ದೃಷ್ಟಾಂತವನ್ನು ಜೋಡಿಸಿ ಹೇಳುತ್ತಿದ್ದರು. ಅವನ್ನು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ ಪುಸ್ತಕದ ರೂಪಕ್ಕೆ ತರಬೇಕೆಂದು ನಾನು ನಿವೃತ್ತಿಯ ಮರುತಿಂಗಳೇ ಸಂಕಲ್ಪ ಮಾಡಿದೆನು. ಮೂರನೆಯ ನೋಟುಬುಕ್ಕನ್ನು ಗೆದ್ದಲು ತಿಂದಿತ್ತು. ಆದರೆ ಗುರುಪತ್ನಿಯವರು ಇನ್ನೂ ಇದ್ದಾರೆ. ಎಂಬತ್ತೈದನ್ನು ದಾಟಿದ ಅವರು ಶಾಲೆಯ ಮೆಟ್ಟಿಲನ್ನು ತುಳಿದವರಲ್ಲ. ಆದರೆ ನಲವತ್ತು ವರ್ಷ ಒಳಗೆ ರೊಟ್ಟಿ ಬಡಿಯುತ್ತ ಪಡಸಾಲೆಯ ಪಾಠವನ್ನು ಕೇಳಿದವರು. ಗೆದ್ದಲು ತಿಂದ ಪುಟಗಳು ಅವರ ಬಾಯಲ್ಲಿ ಇದ್ದವು. ಮಧ್ಯಾಹ್ನದ ಹೊತ್ತಿಗೆ ಅವರು ನಮ್ಮ ಮನೆಗೆ ಬಂದು ಕುಳಿತು ನೆನಪಿನಿಂದ ಹೇಳುವರು. ನಾನು ಬೆರಳಚ್ಚು ಮಾಡುತ್ತ ಹೋಗುವೆನು. ಹೀಗೆ ಕೆಲಸ ಸಾಗಿತ್ತು.

ಇನ್ನು ಧೂಳಿನ ಮಾತು. ಗೋವಿನಜೋಳವನ್ನು ಒಕ್ಕುವ ಯಂತ್ರವು ಓಣಿಯ ತುದಿಯಲ್ಲಿ ನಿಂತಿತೆಂದರೆ ಮೂರು ದಿನ ಮನೆಯ ನೀರಿನ ಮೇಲೆಯೂ ಹೊಟ್ಟಿನ ಕೆನೆ ಕಟ್ಟುವದು. ಹತ್ತಿಯ ಕಾಲದಲ್ಲಿ ಎಳೆ, ಮೆಣಸಿನಕಾಯಿಯ ಕಾಲದಲ್ಲಿ ಸೀನು! ಇಂಥ ಊರಿನಲ್ಲಿ ಹೊಸ ಯಂತ್ರವನ್ನು ತಂದ ಗೃಹಸ್ಥನು ಏನು ಮಾಡಬೇಕು? ನಾನು ಮಾಡಿದ್ದನ್ನು ಹೇಳುತ್ತೇನೆ. ಪಡಸಾಲೆಯ ಗೋಡೆಯಲ್ಲಿದ್ದ ಹಳೆಯ ಗೂಡಿನೊಳಗೆ ಪೆಟ್ಟಿಗೆಯನ್ನು ಇಟ್ಟೆನು. ಅದರ ಹಿಂದೆ ಎರಡು ಬೆರಳಿನಷ್ಟು ಸಹ ಎಡೆ ಉಳಿಯಲಿಲ್ಲ. ದಪ್ಪ ಅರಿವೆಯ ಗವಸನ್ನು ಹೊಲಿಸಿ ತೊಡಿಸಿದೆನು. ಅಷ್ಟಕ್ಕೂ ಸಮಾಧಾನವಾಗದೆ, ಪೆಟ್ಟಿಗೆಯ ಮಗ್ಗಲಿಗೂ ಮುಂದಿನ ಕೆಳಭಾಗಕ್ಕೂ ಇದ್ದ ಸಣ್ಣ ಸಣ್ಣ ಸೀಳುಗಳನ್ನು ಕಂಡು, ಹಲ್ಲಿ ಹೊಕ್ಕೀತು, ಧೂಳು ಹೊಕ್ಕೀತು ಎಂದು ಅವುಗಳಿಗೆ ಒಳ್ಳೇ ಕಾಗದವನ್ನು ಅಂಟಿಸಿಬಿಟ್ಟೆನು. ಆ ಕೆಲಸವನ್ನು ಮಾಡಿ ಮುಗಿಸಿದ ದಿನ ನನಗಾದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಚಳಿಗಾಲವು ಹೇಗೋ ಕಳೆಯಿತು. 2024ರ ಎಪ್ರಿಲ್ ತಿಂಗಳಲ್ಲಿ ಒಂದು ಮಧ್ಯಾಹ್ನ, ಗೋಡೆಯ ಉಷ್ಣಮಾಪಕವು 37 ಡಿಗ್ರಿಯನ್ನು ತೋರಿಸುತ್ತಿರುವಾಗ, ನಾವು ಪುರವರ್ಗದಲ್ಲಿದ್ದೆವು. ವಾತಾಯನವೆಂದರೂ ಗವಾಕ್ಷವೆಂದರೂ ಕಿಟಕಿಯೇ ಎಂದು ಅಮರನು ಹೇಳಿದ ಸ್ಥಳವದು. ಗುರುಗಳು ಆ ಎರಡು ಪದಗಳ ಭೇದವನ್ನು ಯಾವ ಮನೆಯ ಯಾವ ಕಿಟಕಿಯನ್ನು ತೋರಿಸಿ ಹೇಳುತ್ತಿದ್ದರೆಂಬದನ್ನು ಅವರು ಎರಡು ತಾಸು ಬಹು ರಸವತ್ತಾಗಿ ಹೇಳಿದರು. ನಾನು ತಲೆಯೆತ್ತದೆ ಬರೆದುಕೊಂಡೆನು. ಫಕ್ಕನೆ ಪರದೆಯು ಕಪ್ಪಾಯಿತು.

“ದೀಪ ಹೋತೇನು ತಮ್ಮಾ?” ಎಂದು ಅವರು ಕೇಳಿದರು. ದೀಪ ಹೋಗಿರಲಿಲ್ಲ, ತಲೆಯ ಮೇಲೆ ಪಂಖವು ತಿರುಗುತ್ತಲೇ ಇತ್ತು. ಪೆಟ್ಟಿಗೆಯು ತಾನಾಗಿ ಆರಿತ್ತು. ಬರೆದದ್ದನ್ನು ನಡುನಡುವೆ ಉಳಿಸಿಡುವ ರೂಢಿ ನನಗಿರಲಿಲ್ಲ. ಎರಡು ತಾಸಿನ ಮಾತುಗಳಲ್ಲಿ ಒಂದಕ್ಷರವೂ ಸಿಕ್ಕಲಿಲ್ಲ.

ಮರುದಿನ ಮತ್ತೆ ಚಾಲೂ ಮಾಡಿದರೆ ಅರ್ಧ ತಾಸಿಗೆ ಆರಿತು. ಅದರ ಮರುದಿನ ಹತ್ತು ನಿಮಿಷಕ್ಕೆ. ಪೇಟೆಯ ಒಬ್ಬ ರಿಪೇರಿಯವನು ನೋಡಿ, ಮದರ್‌ಬೋರ್ಡ್ ಹೋಗಿದೆ, ಹೊಸ ಯಂತ್ರವನ್ನೇ ಕೊಳ್ಳುವದು ಲೇಸು ಎಂದು ಹೇಳಿ, ನೋಡಿದ್ದಕ್ಕೆ ಐದು ನೂರು ರೂಪಾಯಿ ತೆಗೆದುಕೊಂಡನು. ಪೆಟ್ಟಿಗೆಯನ್ನು ಅವನು ಬಿಚ್ಚಿ ಸಹ ನೋಡಿರಲಿಲ್ಲವೆಂಬದು ಮುಂದೆ ಗೊತ್ತಾಯಿತು.

ಆ ಸಂಜೆ ನಾನು ಚಿಂತೆಯಲ್ಲಿ ಕುಳಿತಿರುವಾಗ ನನ್ನ ಮನೆಯವಳು ಬಂದು ಗವಸಿನ ಮೇಲೆ ಕೈಯಿಟ್ಟು, “ಅಯ್ಯ, ಇದು ಹೆಂಚಿನ್ಹಾಂಗ ಕಾದದ ನೋಡ್ರಿ! ಒಲಿಗೆ ಅರಿವಿ ಹೊಚ್ಚಿದರ ಉರಿ ನಿಂತೀತೇನ್ರೀ?” ಎಂದಳು.

ವಾಚಕರೇ, ನನ್ನ ತಪ್ಪಿನ ಬೇರು ಅಲ್ಲಿ ಸಿಕ್ಕಿತು. ಯಾವ ಒಡವೆಯನ್ನಾದರೂ ಕಾಯುವದೆಂದರೆ ಮುಚ್ಚುವದು ಎಂಬ ತಿಳುವಳಿಕೆ ನನ್ನಲ್ಲಿ ಬಂದದ್ದು ಹಗೇವಿನಿಂದ. ಹಗೇವನ್ನು ಕಾಣದ ಇಂದಿನ ಮಕ್ಕಳಿಗಾಗಿ ಹೇಳುತ್ತೇನೆ: ಅದು ನೆಲದಲ್ಲಿ ತೋಡಿದ ಕಣಜ. ಒಳಗೆ ಸುತ್ತಲೂ ಹುಲ್ಲನ್ನು ಒತ್ತಿ ಜೋಳವನ್ನು ಸುರುವಿ, ಮೇಲೆ ಮತ್ತೆ ಹುಲ್ಲು ಹೊದಿಸಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಡುವರು. ಗಾಳಿಯಾಡದ್ದರಿಂದಲೇ ಕಾಳಿಗೆ ಹುಳ ಹತ್ತದೆ ವರ್ಷಗಟ್ಟಲೆ ಉಳಿಯುವದು. ಅದನ್ನು ತೆರೆದ ದಿನ ನಮ್ಮ ಅಪ್ಪನು ಯಾರನ್ನೂ ಒಳಗೆ ಇಳಿಯಗೊಡುತ್ತಿರಲಿಲ್ಲ. ಹಗ್ಗಕ್ಕೆ ಕಂದೀಲನ್ನು ಕಟ್ಟಿ ಇಳಿಬಿಡುವನು. ದೀಪ ಆರಿದರೆ ಒಳಗಿನ ಗಾಳಿಯು ಕೆಟ್ಟಿದೆಯೆಂದು ಅರ್ಥ. ಆ ನಂದಿದ ಕಂದೀಲನ್ನು ನಾನು ಬಾಲ್ಯದಲ್ಲಿ ಕಣ್ಣಾರೆ ಕಂಡವನು. ಆದರೂ ಒಳಗೆ ಸದಾ ಉರಿಯುವ ಪದಾರ್ಥವನ್ನು ಹಗೇವಿನಂತೆ ಮುಚ್ಚಿದರೆ ಏನಾಗುವದೆಂದು ನನಗೆ ಹೊಳೆಯಲಿಲ್ಲ. ಗಣಕಯಂತ್ರವು ಕಾಳಲ್ಲ, ಒಲೆ. ಅದಕ್ಕೆ ಬಾಯಿಯೂ ಬೇಕು, ಹೊಗೆಗಿಂಡಿಯೂ ಬೇಕು.

ಒಲೆಯೆಂಬದು ಬರೀ ಅಲಂಕಾರದ ಮಾತಲ್ಲ. ಯಂತ್ರವು ತಂತಿಯಿಂದ ಎಳೆದುಕೊಂಡ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಉಷ್ಣವಾಗಿಯೇ ಹೊರಬೀಳುವದು. ನಮ್ಮ ಕಡೆಯಲ್ಲಿ ಇಡಿಯ ಪೆಟ್ಟಿಗೆಗೇ ‘ಸಿ.ಪಿ.ಯು.’ ಎನ್ನುವ ರೂಢಿ ಬಿದ್ದಿದೆ, ಅದು ತಪ್ಪು. ಸಿ.ಪಿ.ಯು. ಅಥವಾ ಪ್ರೊಸೆಸರೆಂಬದು ಒಳಗಿರುವ, ಅಂಗೈಯ ನಡುವೆ ಕುಳಿತುಕೊಳ್ಳುವಷ್ಟು ಚಿಕ್ಕ ಬಿಲ್ಲೆ. ಕೆಲಸದ ಭರದಲ್ಲಿ ಆ ಬಿಲ್ಲೆಯೊಂದೇ 65 ವಾಟ್‌ನಷ್ಟು ಉಷ್ಣವನ್ನು ಉಗುಳಬಲ್ಲದು. ಹಿಂದಿನ ಕಾಲದ 60 ವಾಟಿನ ಬಲ್ಬನ್ನು ಬರಿಗೈಯಿಂದ ಮುಟ್ಟಿದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಹಳಷ್ಟು ಪ್ರೊಸೆಸರುಗಳಿಗೆ 100 ಡಿಗ್ರಿಯ ಆಸುಪಾಸಿನಲ್ಲಿ ಒಂದು ಮೇರೆ ಇರುತ್ತದೆ. ಮೇರೆಯು ಹತ್ತಿರ ಬರಲು ಯಂತ್ರವು ಮೊದಲು ತಾನೇ ನಿಧಾನ ಮಾಡುವದು. ಆಗಲೂ ಕಾವು ಇಳಿಯದಿದ್ದರೆ ಸುಟ್ಟುಹೋಗಬಾರದೆಂದು ತಾನೇ ಆರಿಬಿಡುವದು. ಅಂದರೆ ಆ ಮಧ್ಯಾಹ್ನ ನನ್ನ ಯಂತ್ರವು ಕೆಟ್ಟಿರಲಿಲ್ಲ, ಜೀವ ಉಳಿಸಿಕೊಂಡಿತ್ತು. ಯಂತ್ರಗಳ ಈ ಬೇನೆಯು ಹುಟ್ಟಿನಿಂದಲೇ ಬಂದದ್ದು. 1946ರಲ್ಲಿ ಅಮೇರಿಕದ ಫಿಲಡೆಲ್ಫಿಯಾದಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಗಣಕದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದು ಸುಮಾರು 150 ಕಿಲೋವಾಟ್ ವಿದ್ಯುತ್ತನ್ನು ಉಣ್ಣುತ್ತಿತ್ತು. ಅದಕ್ಕೆ ಗಾಳಿ ಹೊಡೆಯಲಿಕ್ಕೆಂದೇ ದೊಡ್ಡ ದೊಡ್ಡ ಪಂಖಗಳನ್ನು ಕೂಡಿಸಿದ್ದರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಹುಬ್ಬಳ್ಳಿಯಲ್ಲಿ ಇದೇ ಉದ್ಯೋಗವನ್ನು ಮಾಡುತ್ತಾನೆ. ಸಂಸ್ಕೃತದಲ್ಲಿ ಅವನಿಗೆ ನಾನು ಎಂದೂ ಮೂವತ್ತೈದಕ್ಕಿಂತ ಹೆಚ್ಚು ಅಂಕ ಕೊಟ್ಟವನಲ್ಲ. ಅವನೇ ರವಿವಾರ ಊರಿಗೆ ಬಂದಾಗ ಕರೆಯದೆ ಬಂದು, ಗವಸು ತೆಗೆದು, ಅಂಟಿಸಿದ ಕಾಗದಗಳನ್ನು ಕಂಡು ಬಾಯಿಯ ಮೇಲೆ ಕೈಯಿಟ್ಟುಕೊಂಡನು. ನಕ್ಕನೋ ಏನೋ, ನಾನು ನೋಡಲಿಲ್ಲ. ತಂತಿಗಳನ್ನೆಲ್ಲ ಕಿತ್ತು, ಕಿತ್ತ ಮೇಲೆಯೂ ಚಾಲೂ ಮಾಡುವ ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಹೋಗಗೊಟ್ಟು, ಪೆಟ್ಟಿಗೆಯ ಬರಿಯ ಲೋಹವನ್ನು ಬೆರಳಿನಿಂದ ಮುಟ್ಟಿ, ಆಮೇಲೆ ಮಗ್ಗಲಿನ ತಗಡನ್ನು ಬಿಚ್ಚಿದನು.

“ಸರ, ಇದರೊಳಗ ಅರ್ಧ ಎಕರೆ ಹೊಲಾ ಐತ್ರೀ,” ಎಂದನು.

ಅವನ ಮಾತು ಸುಳ್ಳಲ್ಲ. ನಾನು ಅಷ್ಟು ಕಾಗದ ಅಂಟಿಸಿದರೂ ಧೂಳು ಬಂದಿತ್ತು. ಕಾಣುವ ಸೀಳನ್ನು ಮುಚ್ಚಿದರೆ ಅದು ಕಾಣದ ಸಂದಿಯಿಂದ ಬರುವದು. ಪ್ರೊಸೆಸರಿನ ಮೇಲೆ ಹೀಟ್ ಸಿಂಕ್ ಎಂಬ ಅಲ್ಯುಮಿನಿಯಮ್ಮಿನ ತೆಳ್ಳನ್ನ ಎಲೆಗಳ ಗುಚ್ಛವಿರುತ್ತದೆ. ಬಿಲ್ಲೆಯ ಕಾವನ್ನು ಎಳೆದುಕೊಂಡು ಆ ಎಲೆಗಳಲ್ಲಿ ಹರವುವದು, ಅವುಗಳ ನಡುವೆ ಪಂಖದಿಂದ ಗಾಳಿಯನ್ನು ತೂರುವದು, ಇದೇ ಅದರ ಯುಕ್ತಿ. ನನ್ನ ಪೆಟ್ಟಿಗೆಯಲ್ಲಿ ಆ ಎಲೆಗಳ ನಡುವೆ ಹತ್ತಿಯ ಎಳೆಯೂ ಗೋವಿನಜೋಳದ ಹೊಟ್ಟೂ ಕೂಡಿ ಕಂಬಳಿಯನ್ನೇ ನೆಯ್ದಿದ್ದವು. ಮೃದುವಾದ ಕುಂಚದಿಂದಲೂ ಬ್ಲೋವರಿನಿಂದಲೂ ಅವನು ಅದನ್ನು ಅಂಗಳದಲ್ಲಿ ತೆಗೆದನು. ಗಾಳಿ ಹೊಡೆಯುವಾಗ ಪಂಖದ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಇಲ್ಲವಾದರೆ ಅದು ಮಿತಿಮೀರಿ ತಿರುಗಿ ಅದರ ಬೇರಿಂಗು ಕೆಡುವದು. ಬಾಯಿಂದ ಊದಬಾರದು, ಉಗುಳಿನ ತೇವ ತಗಲುವದು. ವಿದ್ಯುತ್ತನ್ನು ಹಂಚುವ ಎಸ್.ಎಂ.ಪಿ.ಎಸ್. ಎಂಬ ಒಳಪೆಟ್ಟಿಗೆಯನ್ನು ಮಾತ್ರ ಯಾವ ಗೃಹಸ್ಥನೂ ಬಿಚ್ಚಬಾರದು. ತಂತಿ ಕಿತ್ತ ಮೇಲೆಯೂ ಅದರೊಳಗೆ ಅಪಾಯದ ವಿದ್ಯುತ್ತು ಉಳಿದಿರಬಹುದು.

ಹೀಟ್ ಸಿಂಕನ್ನು ಎತ್ತಿದಾಗ ಅದರ ಕೆಳಗಿನ ಥರ್ಮಲ್ ಪೇಸ್ಟ್ ಎಂಬ ಲೇಪವು ಸಾಣೆಕಲ್ಲಿನ ಮೇಲೆ ಒಣಗಿದ ಹಳೆಯ ಗಂಧದ ಹಾಗೆ ಹಕ್ಕಳೆಗಟ್ಟಿತ್ತು. ಅದನ್ನು ಒರೆಸಿ ತೊಗರಿಯ ಕಾಳಿನಷ್ಟು ಹೊಸದನ್ನು ಇಟ್ಟನು. ಇನ್ನಷ್ಟು ಹಚ್ಚೆಂದು ನಾನು ಹೇಳಿದ್ದಕ್ಕೆ ಅವನು ಒಪ್ಪಲಿಲ್ಲ. ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಸಂದುಗಳನ್ನು ತುಂಬುವದಷ್ಟೇ ಅದರ ಕೆಲಸ; ದಪ್ಪವಾದರೆ ತಾನೇ ಅಡ್ಡಿಯಾಗುವದು.

ಇಷ್ಟಾದ ಮೇಲೆ ಮುಖ್ಯ ಸಂಗತಿ, ಅಂದರೆ ಗಾಳಿಯ ದಾರಿ. ಪಂಖಗಳು ಎಷ್ಟಿವೆ ಎಂಬದಕ್ಕಿಂತ ಗಾಳಿಯು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬದು ದೊಡ್ಡದು. ಮುಂದಿನ ಕೆಳಭಾಗದಿಂದ ತಂಪುಗಾಳಿ ಒಳಬರಬೇಕು. ಕಾಯುವ ಭಾಗಗಳ ಮೇಲೆ ಹಾಯ್ದು ಹಿಂದಿನ ಮೇಲ್ಭಾಗದಿಂದ ಬಿಸಿಗಾಳಿ ಹೊರಬೀಳಬೇಕು. ಯೋಗಶಾಸ್ತ್ರದವರು ಹೇಳುವ ಪ್ರಾಣಾಪಾನಗಳು ಇಲ್ಲಿಯೂ ಇವೆಯೆಂದು ನಾನು ಹೇಳಿದೆನು. ಹುಡುಗನು ಹೂಂ ಎಂದು ತನ್ನ ಕೆಲಸವನ್ನು ನಡಿಸಿದನು. ನಮ್ಮ ಹಳೆಯ ಮಾಳಿಗೆಯ ಮನೆಯಲ್ಲಿ ತಲಬಾಗಿಲಿನಿಂದ ಬಂದ ಗಾಳಿಯು ಅಡಿಗೆಮನೆಯ ಬೆಳಕಿಂಡಿಯಿಂದ ಹೊಗೆಯನ್ನು ಎತ್ತಿಕೊಂಡು ಹೋಗುತ್ತಿದ್ದದ್ದು ಇದೇ ಕ್ರಮ. ನನ್ನ ಪೆಟ್ಟಿಗೆಗೆ ಹಿಂದೆ ಒಂದು ಪಂಖವಿತ್ತು, ಮುಂದೆ ಇರಲಿಲ್ಲ. ಮುಂದುಗಡೆಗೆ 120 ಮಿಲಿಮೀಟರಿನ ಪಂಖವೊಂದನ್ನು ಅವನು ಕೂಡಿಸಿದನು. ಮಾವಲಿಗನ ಜಡೆಯಂತೆ ಅಡ್ಡಾದಿಡ್ಡಿ ಜೋತುಬಿದ್ದಿದ್ದ ಕೇಬಲುಗಳನ್ನು ಒಂದು ಮಗ್ಗಲಿಗೆ ಸರಿಸಿ ಕಟ್ಟಿದನು. ಪೆಟ್ಟಿಗೆಯನ್ನು ಗೂಡಿನಿಂದ ಹೊರತೆಗೆದು ಮೇಜಿನ ಮೇಲೆ, ಗೋಡೆಯಿಂದ ಒಂದು ಗೇಣು ಈಚೆಗೆ ಇಡಿಸಿದನು. ಗೂಡಿನಲ್ಲಿದ್ದಾಗ ಅದು ತಾನು ಬಿಟ್ಟ ಬಿಸಿಯುಸಿರನ್ನೇ ತಿರುಗಿ ಎಳೆದುಕೊಳ್ಳುತ್ತಿತ್ತಂತೆ.

ಎಷ್ಟು ಗಾಳಿ ಬೇಕೆಂಬದಕ್ಕೆ ಲೆಕ್ಕವು ಸುಲಭವಾಗಿದೆ. ಒಂದು ಗ್ರಾಂ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲಿಕ್ಕೆ ಹೆಚ್ಚುಕಡಿಮೆ ಒಂದು ಜೂಲ್ ಶಕ್ತಿ ಸಾಕು. ಪೆಟ್ಟಿಗೆಯೊಳಗೆ 100 ವಾಟ್, ಅಂದರೆ ಸೆಕೆಂಡಿಗೆ 100 ಜೂಲ್ ಹುಟ್ಟುತ್ತದೆನ್ನೋಣ. ಹೊರಬೀಳುವ ಗಾಳಿಯು ಒಳಬಂದದ್ದಕ್ಕಿಂತ 10 ಡಿಗ್ರಿ ಮಾತ್ರ ಹೆಚ್ಚಾಗಿರಬೇಕಾದರೆ ಸೆಕೆಂಡಿಗೆ 10 ಗ್ರಾಂ, ಅಂದರೆ ಸುಮಾರು 8 ಲೀಟರು ಗಾಳಿ ಹಾಯಬೇಕು. ಎರಡು ಸೆಕೆಂಡಿಗೆ ಒಂದು ದೊಡ್ಡ ಕೊಡದಷ್ಟು! ಅಷ್ಟೇ ಉಷ್ಣವನ್ನು ಒಯ್ಯಲಿಕ್ಕೆ ನೀರಾದರೆ ಅರ್ಧ ಚಮಚೆ ಸಾಕು. ಗಾಳಿಯು ಅಷ್ಟು ಬಡ ಹಮಾಲನು. ಸ್ವಲ್ಪವೇ ಹೊರುವನು, ಆದ್ದರಿಂದ ನಿಲ್ಲದೆ ತಿರುಗಾಡುತ್ತಿರಬೇಕು. ಅಮರನು ವಾಯುವಿಗೆ ಹೇಳಿದ ಹೆಸರುಗಳಲ್ಲಿ ‘ಸದಾಗತಿ’ ಎಂಬದೊಂದಿದೆ. ಅದನ್ನು ನಾನು ಎಷ್ಟು ತಂಡದ ಹುಡುಗರಿಗೆ ಬಾಯಿಪಾಠ ಮಾಡಿಸಿದ್ದೇನೋ ಲೆಕ್ಕವಿಲ್ಲ.

ಇನ್ನೊಂದು ಮಾತನ್ನು ಮರೆಯಬಾರದು. ಪಂಖವು ಗಾಳಿಯನ್ನು ತಂಪು ಮಾಡುವದಿಲ್ಲ. ಕೋಣೆಯು 37 ಡಿಗ್ರಿ ಇದ್ದರೆ ಪೆಟ್ಟಿಗೆಯ ಒಳಭಾಗವು ಅದಕ್ಕಿಂತ ಕೆಳಗೆ ಎಂದೂ ಇಳಿಯಲಾರದು. ಆದ್ದರಿಂದ ಬಿಸಿಲು ಬೀಳುವ ಕಿಟಕಿಯ ಹತ್ತಿರ ಅದನ್ನು ಇಡುವದು ಅವಿವೇಕ. ಮಗ್ಗಲಿನ ತಗಡನ್ನೇ ತೆಗೆದು ಎದುರಿಗೆ ಮೇಜಿನ ಪಂಖವನ್ನು ಇಡುವವರನ್ನೂ ಕಂಡಿದ್ದೇನೆ. ನಡುರಾತ್ರಿಯ ಅಡಚಣೆಗೆ ಅದು ಆದೀತು. ನಿತ್ಯದ ಸಂಸಾರಕ್ಕೆ ನನಗೆ ಸೇರದು, ಯಾಕಂದರೆ ದಾರಿ ಕೆಡುತ್ತದೆ, ಧೂಳಂತೂ ಮೆರವಣಿಗೆಯಿಂದ ಬರುತ್ತದೆ.

ಹಾಗಾದರೆ ಧೂಳಿಗೆ ಉಪಾಯವೇನು? ಇದಕ್ಕೆ ಉತ್ತರವು ನನಗೆ ಅರ್ಧ ಹುಬ್ಬಳ್ಳಿಯಿಂದಲೂ ಅರ್ಧ ಬ್ಯಾಡಗಿಯಿಂದಲೂ ದೊರೆಯಿತು. ಬ್ಯಾಡಗಿಯ ಮೆಣಸಿನಕಾಯಿಯ ಕೀರ್ತಿಯು ಖಾರದ್ದಲ್ಲ, ಬಣ್ಣದ್ದು. ಆ ಕೆಂಪು ಮಾಸಬಾರದೆಂದು ಅಲ್ಲಿ ಚೀಲಗಟ್ಟಲೆ ಕಾಯಿಯನ್ನು ಶೀತಲಗೃಹಗಳಲ್ಲಿ ಇಡುತ್ತಾರೆ. ಅಂಥದೊಂದು ಕಡೆಗೆ ಕೆಲಸಕ್ಕಿರುವ ನನ್ನ ಸೋದರಳಿಯನು ನನ್ನ ಕಥೆಯನ್ನು ಕೇಳಿ, “ಮಾಮಾ, ಎಷ್ಟು ದೊಡ್ಡ ಮಷೀನ್ ಇದ್ದರೇನು, ನಾವು ಚೀಲಾ ಗ್ವಾಡಿಗೆ ಹಚ್ಚಿ ಒಟ್ಟೂದಿಲ್ಲ. ಸಾಲಿನ ನಡುವೂ ಗಾಳಿಗೆ ಓಣಿ ಬಿಡತೇವಿ,” ಎಂದನು. ಹುಬ್ಬಳ್ಳಿಯ ಶಿಷ್ಯನು ಹೇಳಿದ್ದು ಇದು: ಒಳಗೆ ಬರುವ ಗಾಳಿಯು ಹೊರಗೆ ಎಳೆಯುವದಕ್ಕಿಂತ ತುಸು ಹೆಚ್ಚಾಗಿರಲಿ, ಬರುವ ಬಾಯಿಗೆ ಸಣ್ಣ ಕಣ್ಣಿನ ಜಾಳಿಗೆ ಇರಲಿ. ಆಗ ಪೆಟ್ಟಿಗೆಯ ಸಂದುಸಂದುಗಳಿಂದ ಗಾಳಿಯು ಹೊರಕ್ಕೆ ಸೂಸುವದೇ ಹೊರತು ಧೂಳನ್ನು ಒಳಕ್ಕೆ ಎಳೆಯಲಾರದು. ಬರುವ ಧೂಳೆಲ್ಲ ಒಂದೇ ಬಾಗಿಲಲ್ಲಿ ಸಿಕ್ಕಿಬೀಳುವದು. ಅರಿವೆಯು ಜಾಳಿಗೆಯಲ್ಲ, ಅದು ಮತ್ತೆ ಕಾಗದದ ಅಣ್ಣನೇ. ನಾವು ನೈಲಾನಿನ ತೆಳು ಜಾಳಿಗೆಯನ್ನು ಹಾಕಿದ್ದೇವೆ. ಹದಿನೈದು ದಿನಕ್ಕೊಮ್ಮೆ, ಒಕ್ಕಲಿನ ಕಾಲದಲ್ಲಿ ವಾರಕ್ಕೊಮ್ಮೆ, ಅದನ್ನು ಕಳಚಿ ತೊಳೆದು ಪೂರ್ಣ ಒಣಗಿಸಿ ಹಾಕುತ್ತೇನೆ. ಗವಸನ್ನು ಯಂತ್ರವು ಆರಿ ತಣಿದ ಮೇಲೆ ಮಾತ್ರ ತೊಡಿಸುತ್ತೇನೆ.

ಕೆಲಸ ಮುಗಿದ ಮೇಲೆ, ಮೊದಲು 96 ಡಿಗ್ರಿಗೆ ಏರುತ್ತಿದ್ದ ಪ್ರೊಸೆಸರು 63ಕ್ಕೆ ನಿಂತಿತು. ನನಗೆ ಹೆಮ್ಮೆ ಬಂದಿತು, ಅದರ ಫಲವೂ ಬಂದಿತು. ಮುಂದಿನ ತಿಂಗಳು ನಾನೇ ಪೆಟ್ಟಿಗೆಯನ್ನು ಬಿಚ್ಚಿ ಹಿಂದಿನ ಪಂಖವನ್ನು ಕಳಚಿ ಒರೆಸಿ ತಿರುಗಿ ಕೂಡಿಸಿದೆನು. ಆ ದಿನವೇ ಕಾವು 80ನ್ನು ದಾಟಿತು. ಸ್ವಚ್ಛ ಮಾಡಿದ್ದಕ್ಕೆ ಹೀಗೇಕೆ? ದೇವರಮನೆಯಿಂದ ಊದುಬತ್ತಿಯನ್ನು ತಂದು ಪೆಟ್ಟಿಗೆಯ ಹಿಂದೆ, ಬೂದಿ ಬೀಳದಷ್ಟು ದೂರದಲ್ಲಿ, ಹಿಡಿದು ನೋಡಿದೆನು. ಹೊರಗೆ ಬರಬೇಕಾದ ಗಾಳಿಯು ಹೊಗೆಯನ್ನು ಒಳಗೆ ಎಳೆಯುತ್ತಿತ್ತು! ಪಂಖವನ್ನು ತಿರುವುಮುರುವು ಕೂಡಿಸಿದ್ದೆನು. ಮೋಟರನ್ನು ಹಿಡಿದ ಕಡ್ಡಿಗಳು ಯಾವ ಮಗ್ಗಲಿಗಿರುವವೋ ಆ ಕಡೆಗೆ ಸಾಮಾನ್ಯವಾಗಿ ಗಾಳಿ ಹೋಗುವದು. ಕೆಲವಕ್ಕೆ ಬಾಣದ ಗುರುತೂ ಇರುತ್ತದೆ. ಊದುಬತ್ತಿಯ ಈ ಪರೀಕ್ಷೆಯನ್ನು ಶಿಷ್ಯನಿಗೆ ಹೇಳಿದಾಗ ಅವನು ಮೆಚ್ಚಿಕೊಂಡನು. ಮೂವತ್ತೈದು ಅಂಕದ ಸೇಡು ಇನ್ನು ತೀರಿತೆಂದು ಭಾವಿಸುತ್ತೇನೆ.

ವಿನೋದಕ್ಕೆ ಇನ್ನೊಂದನ್ನು ಹೇಳಿಬಿಡುತ್ತೇನೆ. ‘ವಾತಾಯನ’ವೆಂದರೆ ಗಾಳಿಯ ದಾರಿ, ‘ಗವಾಕ್ಷ’ವೆಂದರೆ ಗೋವಿನ ಕಣ್ಣು. ಇಂಗ್ಲಿಷರ ‘ವಿಂಡೋ’ ಎಂಬ ಪದದ ಮೂಲವನ್ನು ಹುಡುಕುತ್ತ ಹೋದರೆ ಯುರೋಪದ ಬಡಗಣ ದೇಶದ ಹಳೆಯ ನಾರ್ಸ್ ಭಾಷೆಯಲ್ಲಿ ಅದಕ್ಕೆ ಗಾಳಿಯ ಕಣ್ಣು ಎಂದು ಅರ್ಥ. ನನ್ನ ಯಂತ್ರವು ದಿನಾಲು ಎದ್ದ ಕೂಡಲೆ ಪರದೆಯ ಮೇಲೆ ‘ವಿಂಡೋಸ್’ ಎಂದು ಬರೆದು ತೋರಿಸುತ್ತಿತ್ತು. ನಾನು ನಿತ್ಯವೂ ಅದನ್ನು ಓದಿ, ಅದರ ಕಣ್ಣುಗಳಿಗೆ ಅಂಟಿಸಿದ ಕಾಗದವು ಬಿಚ್ಚಿಲ್ಲವಷ್ಟೇ ಎಂದು ತಡವಿ ನೋಡುತ್ತಿದ್ದೆನು.

ಈಗ ಐದು ನಿಮಿಷಕ್ಕೊಮ್ಮೆ ಬರೆದದ್ದನ್ನು ಉಳಿಸುತ್ತೇನೆ, ರಾತ್ರಿ ಪೆನ್ ಡ್ರೈವಿನಲ್ಲಿ ಪ್ರತಿಯನ್ನು ತೆಗೆದಿಡುತ್ತೇನೆ. ಆದರೆ ಕಳೆದದ್ದು ಕಳೆಯಿತು. ಯಂತ್ರವು ಸರಿಯಾದ ಮೇಲೆ ಗುರುಪತ್ನಿಯವರನ್ನು ಕರೆತಂದು, ಆ ದಿನದ ಮಾತನ್ನು ಇನ್ನೊಮ್ಮೆ ಹೇಳಬೇಕೆಂದು ಬೇಡಿಕೊಂಡೆನು. ವಾತಾಯನದ ಮಾತು ಸ್ವಲ್ಪ ಬಂದಿತು. ಗವಾಕ್ಷದ ಹತ್ತಿರ ನಿಂತರು. ಯಾರ ಮನೆಯ ಕಿಟಕಿಯನ್ನು ಗುರುಗಳು ತೋರಿಸುತ್ತಿದ್ದರು, ಅದನ್ನು ಕಟ್ಟಿದವನು ಯಾರು, ಅದಕ್ಕೆ ಆಗಿನ ಜನರು ಏನೆನ್ನುತ್ತಿದ್ದರು? ಅವರು ಬಹಳ ಹೊತ್ತು ಕಣ್ಣು ಮುಚ್ಚಿ ಕುಳಿತು, “ಆವತ್ತು ತಾನಾಗೇ ಬಂದಿತ್ತಪಾ, ಈಗ ಒಲ್ಲದು,” ಎಂದರು. ನನ್ನ ನೆನಪನ್ನು ಕೆದಕಿದರೂ ಒಂದೆರಡು ಪದಗಳ ಹೊರತು ಏನೂ ಉಳಿದಿಲ್ಲ. ಬೆರಳುಗಳು ಬರೆಯುತ್ತಿದ್ದದ್ದರಿಂದ ಕಿವಿಯು ಕೆಲಸ ಬಿಟ್ಟಿತ್ತು. ಆಮೇಲೆ ಎರಡು ಸಲ ಕೇಳಿದೆನು, ಮತ್ತೆ ಕೇಳಿ ಅವರನ್ನು ನೋಯಿಸಲಿಲ್ಲ. ಪುಸ್ತಕದಲ್ಲಿ ಆ ಸ್ಥಳಕ್ಕೆ ನಾಲ್ಕು ಬೆರಳಿನಷ್ಟು ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ಕೆಲಸವು ಈಗ ವನೌಷಧಿವರ್ಗಕ್ಕೆ ಬಂದಿದೆ. ಅವರು ಮಧ್ಯಾಹ್ನ ಬಂದವರು ಕೂಡ್ರುವ ಮುಂಚೆ ಗೋಡೆಗೂ ಪೆಟ್ಟಿಗೆಗೂ ನಡುವೆ ಬಿಟ್ಟ ಗೇಣು ಜಾಗದಲ್ಲಿ ಕೈಯಿಟ್ಟು, ಅಂಗೈಗೆ ಬಿಸಿಗಾಳಿ ತಗಲುವವರೆಗೆ ನಿಲ್ಲುತ್ತಾರೆ.

“ಉಸರಾಡಲಿಕ್ಕೆ ಹತ್ತೇದ,” ಎನ್ನುತ್ತಾರೆ. “ಹಾಂ, ಬರಕೋ ತಮ್ಮಾ.”